ಅಕ್ರಮ ಬಂಧನ ಮತ್ತು ಪರಿಹಾರದ ಹಕ್ಕು

ಜಯನಗರದ ಅಥವಾ ಬನಶಂಕರಿಯ ನಿವಾಸಿಯೊಬ್ಬನನ್ನು ಪೋಲೀಸರು ಕಾರಣ ತಿಳಿಸದೆ ಠಾಣೆಗೆ ಕರೆದೊಯ್ದು, ಎರಡು ದಿನ ಕೂಡಿಹಾಕಿ, ಬಳಿಕ ಬಿಟ್ಟುಬಿಟ್ಟರೆಂದು ಭಾವಿಸೋಣ. ದಸ್ತಗಿರಿಯಾದವನಿಗೆ ಕಾರಣವನ್ನು ತಿಳಿಸಬೇಕು, ಪ್ರಯಾಣದ ವೇಳೆಯನ್ನುಳಿದು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬುದು ಸಂವಿಧಾನದ 22ನೆಯ ವಿಧಿಯ ಕಟ್ಟಳೆ. ಅದು ಭಂಗವಾದಾಗ ನಷ್ಟವನ್ನು ತುಂಬಿಕೊಡುವವರಾರು? ಈ ಪ್ರಶ್ನೆಗೆ ನಮ್ಮ ಕಾನೂನು ಕೊಡುತ್ತ ಬಂದಿರುವ ಉತ್ತರವನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

ಈಸ್ಟ್ ಇಂಡಿಯಾ ಕಂಪೆನಿಯು ವ್ಯಾಪಾರಿಯೂ ಆಗಿತ್ತು, ದೊರೆಯೂ ಆಗಿತ್ತು. ಅದರ ಆಳ್ವಿಕೆ ಮುಗಿದ ಮೇಲೆ, 1861ರಲ್ಲಿ, ಕಲ್ಕತ್ತೆಯ ಸುಪ್ರೀಂ ಕೋರ್ಟು ಈ ಎರಡು ಪಾತ್ರಗಳನ್ನು ಬೇರ್ಪಡಿಸಿತು: ವ್ಯಾಪಾರಿಯ ತಪ್ಪಿಗೆ ಸರ್ಕಾರವು ಹೊಣೆ, ದೊರೆತನದ ಕಾರ್ಯಕ್ಕೆ ಅಲ್ಲ. ಈ ಭೇದವು ಸಂವಿಧಾನದ 300ನೆಯ ವಿಧಿಯ ಮೂಲಕ ಗಣರಾಜ್ಯಕ್ಕೂ ಇಳಿದುಬಂದಿತು. 1947ರಲ್ಲಿ ಮೀರತ್ತಿನ ಪೋಲೀಸರು ಅಮೃತಸರದ ವರ್ತಕನೊಬ್ಬನನ್ನು ಹಿಡಿದು, 103 ತೊಲಕ್ಕೂ ಮಿಕ್ಕ ಚಿನ್ನವನ್ನು ವಶಪಡಿಸಿಕೊಂಡರು. ಹೆಡ್ ಕಾನ್‌ಸ್ಟೇಬಲನೊಬ್ಬನು ಅದರೊಡನೆ ಪಾಕಿಸ್ತಾನಕ್ಕೆ ಪಲಾಯನ ಮಾಡಿದನು. ದಸ್ತಗಿರಿ ಮತ್ತು ಜಪ್ತಿ ದೊರೆತನದ ಅಧಿಕಾರಗಳಾದುದರಿಂದ ಸರ್ಕಾರವು ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1964ರಲ್ಲಿ ತೀರ್ಪಿತ್ತಿತು. ಅದನ್ನು ಬರೆದವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದ ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡ್ಕರರು. ಶಾಸನಸಭೆಯು ಈ ಕಾನೂನನ್ನು ತಿದ್ದಬೇಕೆಂದು ಅವರೇ ಸೂಚಿಸಿದ್ದುದು ಗಮನಾರ್ಹ.

ತಿದ್ದುಪಡಿ ಬಂದುದು ಶಾಸನಸಭೆಯಿಂದಲ್ಲ, ನ್ಯಾಯಾಲಯದಿಂದ. ಬಿಹಾರದಲ್ಲಿ 1968ರಲ್ಲೇ ನಿರಪರಾಧಿಯೆಂದು ತೀರ್ಮಾನವಾಗಿದ್ದವನೊಬ್ಬನು 1982ರವರೆಗೂ ಸೆರೆಯಲ್ಲಿದ್ದನು. 1983ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಿಟ್ ಅರ್ಜಿಯಲ್ಲಿಯೇ ಅವನಿಗೆ ಒಟ್ಟು 35,000 ರೂಪಾಯಿ ಕೊಡಿಸಿತು. ಮೂಲಭೂತ ಹಕ್ಕಿನ ಭಂಗಕ್ಕಾಗಿ ರಿಟ್ ಮೂಲಕ ಪರಿಹಾರ ಕೇಳಿದಾಗ ದೊರೆತನದ ರಕ್ಷಣೆಯು ಸಲ್ಲದೆಂದು 1993ರಲ್ಲಿ ಅದೇ ನ್ಯಾಯಾಲಯವು ಸ್ಪಷ್ಟಪಡಿಸಿತು. ನಮ್ಮ ರಾಜ್ಯದಲ್ಲಿಯೂ ಸರ್ಕಾರದ ಹೊಣೆಯು ಬೇರೊಂದು ಬಗೆಯಲ್ಲಿ ಗುರುತಿಸಲ್ಪಟ್ಟಿತು. ವೀರಪ್ಪನ್ ಬೇಟೆಯ ಕಾಲದಲ್ಲಿ ಗಡಿಯ ಗ್ರಾಮಸ್ಥರನ್ನು ವಿಶೇಷ ಕಾರ್ಯಪಡೆಗಳು ಕೂಡಿಹಾಕಿ ಹಿಂಸಿಸಿದುವೆಂಬ ದೂರುಗಳನ್ನು ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವರ ಸಮಿತಿಯು ವಿಚಾರಿಸಿತು. ಅನಂತರ 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 89 ಮಂದಿಗೆ 2.80 ಕೋಟಿ ರೂಪಾಯಿಗಳ ಪರಿಹಾರವನ್ನು ಶಿಫಾರಸು ಮಾಡಿತು.

ಆದರೆ ರಿಟ್ ಮಾರ್ಗವು ಎದ್ದುಕಾಣುವ ಅನ್ಯಾಯಕ್ಕೆ ಮೀಸಲು. ನಡೆದುದೇನೆಂಬುದೇ ವಿವಾದವಾದಲ್ಲಿ ಸಾಕ್ಷ್ಯ ವಿಚಾರಣೆಗೆ ಸಿವಿಲ್ ನ್ಯಾಯಾಲಯವೇ ಗತಿ. ಅಲ್ಲಿನ ದಾರಿಗೆ ಬೇಲಿಗಳುಂಟು. ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ, ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಪ್ರಕರಣದಂತೆ, ಸಾಮಾನ್ಯವಾಗಿ ಎರಡು ತಿಂಗಳ ನೋಟೀಸು ಕೊಡಬೇಕು. ಕರ್ತವ್ಯದ ನೆಪದಲ್ಲಿ ಅಥವಾ ಅದನ್ನು ಮೀರಿ ನಡೆದ ಕೃತ್ಯಕ್ಕಾಗಿ ಅಧಿಕಾರಿಯ ಮೇಲೆ ದಾವೆ ಹೂಡಲು, 1963ರ ಕರ್ನಾಟಕ ಪೋಲೀಸ್ ಕಾಯಿದೆಯ 170ನೆಯ ಪ್ರಕರಣದಂತೆ, ಸರ್ಕಾರದ ಪೂರ್ವಾನುಮತಿ ಬೇಕು. ಕರ್ತವ್ಯಕ್ಕೆ ಸಂಬಂಧವೇ ಇಲ್ಲದ ಕೃತ್ಯಕ್ಕೆ ಈ ರಕ್ಷಣೆಯಿಲ್ಲವೆಂದು 2020ರಲ್ಲಿ ಬೆಂಗಳೂರಿನ ಒಂದು ಕ್ರಿಮಿನಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಸಂಬಂಧವಿದ್ದಲ್ಲಿ ಮಿತಿ ಮೀರಿದ್ದರೂ ಅನುಮತಿ ಅಗತ್ಯವೆಂದೂ ಹೇಳಿತು.

ಎಲ್ಲಕ್ಕಿಂತ ಕಠಿನವಾದುದು ಕಾಲದ ಬೇಲಿ. 1963ರ ಕಾಲಮಿತಿ ಕಾಯಿದೆಯಂತೆ ಅಕ್ರಮ ಬಂಧನದ ಪರಿಹಾರಕ್ಕೆ ಅವಧಿಯು ಬಿಡುಗಡೆಯಾದಂದಿನಿಂದ ಒಂದು ವರ್ಷ ಮಾತ್ರ. ನಾವು ಮೊದಲು ಭಾವಿಸಿದ ನಿವಾಸಿಯು ಭಯದಿಂದಲೋ ಬಡತನದಿಂದಲೋ ವಕೀಲರ ಬಳಿಗೆ ಹೋಗಲು ತಡಮಾಡಿದರೆ ಹಕ್ಕು ಪುಸ್ತಕದಲ್ಲಿಯೇ ಉಳಿಯುತ್ತದೆ. ಗಜೇಂದ್ರಗಡ್ಕರರು ಬಯಸಿದ ಶಾಸನವು ಇನ್ನೂ ಬಂದಿಲ್ಲ. ಆದುದರಿಂದ ಕಾಲೇಜುಗಳಲ್ಲಿ 22ನೆಯ ವಿಧಿಯನ್ನು ಬೋಧಿಸುವವರು ಈ ಒಂದು ವರ್ಷದ ಮಾತನ್ನೂ ಜೊತೆಗೇ ತಿಳಿಸುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.