ಉಡುಪಿ ಜಿಲ್ಲೆಯಲ್ಲಿ ಕೋವಿಡ್-19 ನಿರ್ಬಂಧಗಳು

ಕೋವಿಡ್-19 ಸಾಂಕ್ರಾಮಿಕದ ಹರಡುವಿಕೆಯನ್ನು ತಡೆಯಲು ಕರ್ನಾಟಕದ ಉಡುಪಿ ಜಿಲ್ಲೆಯಲ್ಲಿ 2020 ಮತ್ತು 2021ರಲ್ಲಿ ಹಲವು ನಿರ್ಬಂಧಗಳನ್ನು ಜಾರಿಗೊಳಿಸಲಾಯಿತು. ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳು ಈ ಜಿಲ್ಲೆಗೆ ಸೇರಿವೆ.

ಮೊದಲ ಹಂತ

ಜಿಲ್ಲೆಯ ಮೊದಲ ಪ್ರಕರಣವು 2020ರ ಮಾರ್ಚ್ 25ರಂದು, ರಾಷ್ಟ್ರವ್ಯಾಪಿ ಲಾಕ್‌ಡೌನ್ ಆರಂಭವಾದ ದಿನವೇ, ದೃಢಪಟ್ಟಿತು. ಸೋಂಕಿತನು ದುಬೈನಿಂದ ಮರಳಿದವನಾಗಿದ್ದನು. ಉಡುಪಿಯ ಡಾ. ಟಿ.ಎಂ.ಎ. ಪೈ ಆಸ್ಪತ್ರೆಯನ್ನು ಕೋವಿಡ್ ಚಿಕಿತ್ಸೆಗೆಂದೇ ಮೀಸಲಿಡಲಾಯಿತು. ಮಾರ್ಚ್ ತಿಂಗಳಲ್ಲಿ ಪತ್ತೆಯಾದ ಮೂವರೂ ಗುಣಮುಖರಾದರು. ಮೇ ತಿಂಗಳ ಆರಂಭದಲ್ಲಿ ಜಿಲ್ಲೆಯು ಹಸಿರು ವಲಯದಲ್ಲಿತ್ತು.

ಊರಿಗೆ ಮರಳಿದವರು

ಈ ಭಾಗದ ಅನೇಕ ಕುಟುಂಬಗಳು ಮುಂಬಯಿಯ ಹೋಟೆಲ್ ಉದ್ಯಮವನ್ನು ಅವಲಂಬಿಸಿವೆ. ಹೋಟೆಲುಗಳು ಮುಚ್ಚಿದ್ದರಿಂದ ಆದಾಯವನ್ನು ಕಳೆದುಕೊಂಡವರು, ಮೇ ತಿಂಗಳಲ್ಲಿ ಅಂತರರಾಜ್ಯ ಸಂಚಾರಕ್ಕೆ ಅನುಮತಿ ದೊರೆತಾಗ 'ಸೇವಾ ಸಿಂಧು' ಜಾಲತಾಣದ ಮೂಲಕ ಪಾಸು ಪಡೆದು ಊರಿಗೆ ಮರಳಿದರು. ಇವರು ನೇರವಾಗಿ ಮನೆಗೆ ಹೋಗುವಂತಿರಲಿಲ್ಲ. ಶಾಲೆ, ವಿದ್ಯಾರ್ಥಿನಿಲಯ ಮುಂತಾದೆಡೆ ತೆರೆದ ಕ್ವಾರಂಟೈನ್ ಕೇಂದ್ರಗಳಲ್ಲಿ ತಂಗಬೇಕಾಗಿತ್ತು. ಇಲ್ಲಿ ನಡೆಸಿದ ಪರೀಕ್ಷೆಗಳಿಂದ ಪ್ರಕರಣಗಳು ತೀವ್ರವಾಗಿ ಏರಿ, ಜೂನ್ ಆರಂಭದಲ್ಲಿ ಉಡುಪಿಯು ರಾಜ್ಯದಲ್ಲೇ ಅತಿ ಹೆಚ್ಚು ಸೋಂಕಿತರಿದ್ದ ಜಿಲ್ಲೆಯಾಯಿತು. ಸ್ವಂತ ಊರನ್ನು ತಲುಪಿಯೂ ಮನೆಯಿಂದ ದೂರವಿರಬೇಕಾದುದು ಈ ಹಂತದ ವಿಶೇಷ ಸಂಕಷ್ಟವಾಗಿತ್ತು.

ನಂತರದ ಕ್ರಮಗಳು

ಜೂನ್ 8ರಿಂದ ರಾಜ್ಯದಲ್ಲಿ ದೇವಾಲಯಗಳನ್ನು ತೆರೆಯಲು ಅನುಮತಿ ನೀಡಲಾಯಿತು. ಆದರೆ ಜುಲೈ 15ರಿಂದ ಜಿಲ್ಲೆಯ ಗಡಿಗಳನ್ನು 14 ದಿನಗಳ ಕಾಲ ಮುಚ್ಚಲಾಯಿತು. ಅಗತ್ಯ ವಸ್ತುಗಳ ಸಾಗಾಟ ಮತ್ತು ವೈದ್ಯಕೀಯ ತುರ್ತಿಗೆ ವಿನಾಯಿತಿಯಿತ್ತು. ಎರಡನೆಯ ಅಲೆಯಲ್ಲಿ, 2021ರ ಏಪ್ರಿಲ್ 27ರಿಂದ ರಾಜ್ಯಾದ್ಯಂತ ಅಗತ್ಯ ವಸ್ತುಗಳ ಖರೀದಿಗೆ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶವಿತ್ತು.