ಗರಳಪುರಿಯ ದಾರಿಯಲ್ಲಿ

ಆಸ್ಟ್ರೇಲಿಯದಲ್ಲಿ ನೆಲಸಿರುವ ನನ್ನ ಅಕ್ಕನ ಮಗ ಕಳೆದ ಫೆಬ್ರವರಿಯಲ್ಲಿ ಬೆಂಗಳೂರಿಗೆ ಬಂದವನು ನಮ್ಮ ಬಾಗಿಲಿಗೆ ಒಂದು ಮನೆಯನ್ನೇ ತಂದು ನಿಲ್ಲಿಸಿದ. ಹೊರಗಿನಿಂದ ನೋಡಿದರೆ ಅದು ಮೋಟಾರು ವ್ಯಾನು. ಒಳಗೆ ಕಾಲಿಟ್ಟರೆ ಎರಡು ಮಂಚ, ಮಡಿಸುವ ಮೇಜು, ಒಲೆ, ಫ್ರಿಜ್ಜು, ಮೂಲೆಯಲ್ಲಿ ಬಚ್ಚಲು. ಇಂಥ ಬಂಡಿಗಳು ಈಚೆಗೆ ನಮ್ಮಲ್ಲಿಯೂ ಚಾಲಕನ ಸಮೇತ ಬಾಡಿಗೆಗೆ ದೊರೆಯುತ್ತವೆಯಂತೆ.

"ಮಾವ, ಮೂರು ದಿನ ಬನ್ನಿ. ಮೊದಲು ದ್ರಾಕ್ಷಿತೋಟ, ಆಮೇಲೆ ಸೋಮನಾಥಪುರ, ಸೋಸಲೆ, ನಂಜನಗೂಡು" ಎಂದ. ದ್ರಾಕ್ಷಿತೋಟದಲ್ಲಿ ಏನು ಕೆಲಸವೆಂದು ಕೇಳಿದೆ. "ವೈನ್ ರುಚಿ ನೋಡುವುದು." ಅರುವತ್ತೇಳರ ವಯಸ್ಸಿನ ನಿವೃತ್ತ ಮೇಷ್ಟ್ರಿಗೆ ಹೇಳುವ ಮಾತೇ ಇದು? ಆದರೆ ಪಟ್ಟಿಯಲ್ಲಿ ಸೋಸಲೆಯ ಹೆಸರಿತ್ತು. ನಾನು ಹುಟ್ಟಿ ಬೆಳೆದು ಪಾಠ ಹೇಳಿದ ಊರನ್ನು ಕಂಡು ಆರು ವರ್ಷಗಳಾಗಿದ್ದುವು. ಒಪ್ಪಿದೆ.

ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಸೀಮೆಯಲ್ಲಿ, ಕನ್ವಲ್ ಗ್ರೋವರ್ ಎಂಬವರು 1988ರಲ್ಲಿ ಫ್ರೆಂಚ್ ದ್ರಾಕ್ಷಿಯ ಬಳ್ಳಿಗಳನ್ನು ನಂಬಿ ಉದ್ಯಮ ಹೂಡಿದರು. ಅದಕ್ಕೆ ಮೊದಲು ಈ ಕಡೆ ದ್ರಾಕ್ಷಿಯೆಂದರೆ ನಾವೆಲ್ಲ ತಿಂದು ಬೆಳೆದ, ಗಟ್ಟಿ ಸಿಪ್ಪೆಯ, ನೀಲಿ ಬಣ್ಣದ 'ಬೆಂಗಳೂರು ಬ್ಲೂ'. ತೋಟದಲ್ಲಿ ವಿವರಿಸಿದ ತರುಣನಿಂದ ನನಗೆ ಹೊಸದಾಗಿ ತಿಳಿದ ಸಂಗತಿಯೊಂದುಂಟು. ಶೀತದೇಶಗಳಲ್ಲಿ ಚಳಿಗಾಲ ಬಂದೊಡನೆ ಬಳ್ಳಿ ಎಲೆಯುದುರಿಸಿ ಮಲಗುತ್ತದೆ; ನಮ್ಮ ನೆಲದಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಸವರುತ್ತಾರೆ: ಬೇಸಗೆಯಲ್ಲೊಮ್ಮೆ ರೆಂಬೆ ಬಲಿಯಲೆಂದು, ಮಳೆಗಾಲದ ಕೊನೆಯಲ್ಲೊಮ್ಮೆ ಫಲಕ್ಕಾಗಿ. ಯೂರೋಪಿನಲ್ಲಿ ಶರತ್ಕಾಲಕ್ಕೆ ಕೊಯ್ಯುವ ಹಣ್ಣನ್ನು ಇಲ್ಲಿ ಶಿವರಾತ್ರಿಯ ಆಸುಪಾಸಿನಲ್ಲಿ ಕೊಯ್ಯುವುದು ಇದರಿಂದಲೇ. ಕಪ್ಪು ಹಣ್ಣನ್ನು ಸಿಪ್ಪೆಯೊಡನೆ ಹುದುಗಿಸಿದರೆ ಕೆಂಪು ದ್ರಾಕ್ಷಾರಸ. ಸಿಪ್ಪೆ ಬೇರ್ಪಡಿಸಿ ಬರಿಯ ರಸವನ್ನು ಹುದುಗಿಸಿದರೆ ಬಿಳಿಯದು. ಬಣ್ಣವೆಲ್ಲ ಸಿಪ್ಪೆಯದು.

ರುಚಿ ನೋಡುವ ಕ್ರಮವೋ ಒಂದು ಸಣ್ಣ ಸಂಧ್ಯಾವಂದನೆ! ಬಟ್ಟಲನ್ನು ಓರೆ ಮಾಡಿ ಬಣ್ಣ ನೋಡಬೇಕು, ತಿರುಗಿಸಬೇಕು, ಮೂಗನ್ನು ಒಳಗಿಟ್ಟು ಮೂಸಬೇಕು, ಆಮೇಲೆ ಒಂದೇ ಗುಟುಕು. ಅದನ್ನೂ ನುಂಗಬೇಕಾದುದಿಲ್ಲ, ಉಗಿಯಲು ಪಾತ್ರೆಯಿದೆ. ಚಾಲಕ ಹೊರಗೆ ಬೇವಿನ ನೆರಳಿನಲ್ಲಿ ಚಹ ಕುಡಿಯುತ್ತಿದ್ದ. ನಾನು ಬಾಯಿಗಿಟ್ಟುಕೊಂಡೆ. ಮೊದಲು ಒಗರು, ಬಳಿಕ ಹುಳಿ. ಆ ಒಗರು ನನಗೆ ಅಪರಿಚಿತವಾಗಿರಲಿಲ್ಲವೆಂಬುದೇ ಸೋಜಿಗ. ಸೋಸಲೆಯ ನಮ್ಮ ಮನೆಯ ಗೂಡಿನಲ್ಲಿ ಅಜ್ಜಿಯ ದ್ರಾಕ್ಷಾರಿಷ್ಟದ ಸೀಸೆ ಇರುತ್ತಿತ್ತು. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಧಾತಕೀ ಪುಷ್ಪ ಹಾಕಿ, ಮುಚ್ಚಿಟ್ಟು ಹುದುಗು ಬರಿಸಿದ ಆಯುರ್ವೇದದ ಔಷಧ. ಅದರ ಮದ್ಯಾಂಶ ಅದರಲ್ಲಿಯೇ ಹುಟ್ಟಿಕೊಳ್ಳುತ್ತದೆ. ಊಟವಾದ ಮೇಲೆ ಅಜ್ಜಿ ಅಷ್ಟೇ ನೀರು ಬೆರೆಸಿ ಎರಡು ಚಮಚ ಸೇವಿಸಿ ನೆಮ್ಮದಿಯಾಗಿ ಮಲಗುತ್ತಿದ್ದಳು. ಮಡಿಗೇನೂ ಭಂಗ ಬರುತ್ತಿರಲಿಲ್ಲ.

ಅಳಿಯ ಒಂದು ಕೆಂಪು ಸೀಸೆ ಕೊಂಡು ಫ್ರಿಜ್ಜಿನಲ್ಲಿಟ್ಟ. ಮರುದಿನ ಮದ್ದೂರು, ಮಳವಳ್ಳಿಗಳನ್ನು ದಾಟಿ ಸೋಮನಾಥಪುರಕ್ಕೆ ಬಂದೆವು. ಹದಿಮೂರನೆಯ ಶತಮಾನದಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ ಕೇಶವಾಲಯ, 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನನ್ನ ಮನಸ್ಸು ಆಗಲೇ ಮುಂದಿನ ಊರಿನಲ್ಲಿತ್ತು.

ವ್ಯಾಸರಾಜ ಮಠದಿಂದ ಹೆಸರಾದ ಊರು ಸೋಸಲೆ. ಗರಳಪುರಿ ಶಾಸ್ತ್ರಿಗಳೂ ಅವರ ಮಗ ಅಯ್ಯಾಶಾಸ್ತ್ರಿಗಳೂ ಇಲ್ಲಿಂದ ಹೋಗಿ ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದರು. ಗರಳಪುರಿಯೆಂದರೆ ನಂಜನಗೂಡೇ, ನಂಜು ಕುಡಿದವನ ಊರು. ನಾನು ಎಂಟು ವರ್ಷದವನಿದ್ದಾಗ, 1966ರಲ್ಲಿ, ಆ ಊರಿನ ದೊಡ್ಡ ಜಾತ್ರೆಗೆ ನಾವೆಲ್ಲ ಕಮಾನು ಗಾಡಿಯಲ್ಲಿ ಹೋಗಿದ್ದೆವು. ಹುಲ್ಲಿನ ಮೇಲೆ ಜಮಖಾನ, ಬುತ್ತಿಯಲ್ಲಿ ಹುಳಿಯನ್ನ, ಅಚ್ಚಿಗೆ ಕಟ್ಟಿದ ಲಾಂದ್ರ. ಒಂದು ರಾತ್ರಿಯ ಪ್ರಯಾಣ. ಅದೂ ಚಲಿಸುವ ಮನೆಯೇ ಅಲ್ಲವೆ? ಬಚ್ಚಲೊಂದಿರಲಿಲ್ಲ, ಕಪಿಲೆ ಇತ್ತು. ನಮ್ಮ ಗಾಡಿಯವನು ಇಪ್ಪತ್ತೈದರ ಗಟ್ಟಿಗ. ರಾತ್ರಿಯೆಲ್ಲ ಹಾಡುತ್ತ, ನಡುನಡುವೆ ಇಳಿದು ಕಡಾಣಿ ಮುಟ್ಟಿ ನೋಡುತ್ತಿದ್ದ.

ಆ ಮನುಷ್ಯನನ್ನು ಸಾರಾಯಿ ತಿಂದಿತು. ಗಾಡಿಗಳು ಹೋಗಿ ಕೆಲಸ ತಪ್ಪಿತ್ತು. ಪ್ಲಾಸ್ಟಿಕ್ಕಿನ ಪ್ಯಾಕೆಟ್ಟುಗಳು ಬಂದಿದ್ದುವು. 1988ರಲ್ಲಿ ಅವನ ಮಗ ನನ್ನ ತರಗತಿಯಲ್ಲಿದ್ದ. ಗಾಂಧಿ ಜಯಂತಿಗೆಂದು ನಾನು 'ಮದ್ಯಪಾನದ ಕೇಡು' ಎಂಬ ಪ್ರಬಂಧ ಬರೆಯಿಸಿದೆ. ಹುಡುಗ ತಲೆಬರಹವೊಂದನ್ನು ಬರೆದು ಹಾಳೆಯನ್ನು ಹಾಗೆಯೇ ಕೊಟ್ಟ. ಉದ್ಧಟತನವೆಂದು ಬಗೆದು ಅವನನ್ನು ಒಂದು ಗಂಟೆ ಬೆಂಚಿನ ಮೇಲೆ ನಿಲ್ಲಿಸಿದೆ. ತಂದೆಯ ವಿಷಯ ನನಗೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ, ಊರಿಗೆಲ್ಲ ಗೊತ್ತಿತ್ತು.

ನಮ್ಮ ದಾಯಾದಿಗಳ ತೆಂಗಿನ ತೋಟದಲ್ಲಿ, ಹಿಂದೆ ಗಾಡಿ ಬಿಡುತ್ತಿದ್ದ ಕಡೆಯಲ್ಲಿಯೇ, ವ್ಯಾನು ನಿಂತಿತು. ಸಂಜೆ ಆ ಹುಡುಗನೇ ನೋಡಲು ಬಂದ. ಈಗ ಐವತ್ತರ ಗೃಹಸ್ಥ, ಸರಕಿನ ಆಟೋ ಓಡಿಸುತ್ತಾನೆ. ಮಾತಿಗೆ ಮೊದಲು ವ್ಯಾನನ್ನು ಒಂದು ಸುತ್ತು ಹಾಕಿ, ಬಗ್ಗಿ ಗಾಲಿಗಳನ್ನು ನೋಡಿದ. ಒಳಗೆ ಕೂಡಿಸಿದೆವು. ಅಳಿಯ ಹಾಲು ತೆಗೆಯಲು ಫ್ರಿಜ್ಜು ತೆರೆದಾಗ ಸೀಸೆ ಕಣ್ಣಿಗೆ ಬಿತ್ತು.

"ಅದೇನು ಮೇಷ್ಟ್ರೇ?"

"ದ್ರಾಕ್ಷಾರಸ. ವೈನು."

ಸ್ವಲ್ಪ ಹೊತ್ತು ಸುಮ್ಮನಿದ್ದ. "ನಮ್ಮಪ್ಪ ಕುಡೀತಿದ್ದುದಕ್ಕೂ ಇದಕ್ಕೂ ಏನು ವ್ಯತ್ಯಾಸ ಮೇಷ್ಟ್ರೇ?" ಎಂದ. ಕೊಂಕಿರಲಿಲ್ಲ, ತರಗತಿಯಲ್ಲಿ ಕೇಳುವ ಹಾಗೆಯೇ ಕೇಳಿದ.

ಅಳಿಯ ನನ್ನ ಮುಖ ನೋಡಿದ. ಮದ್ಯಾಂಶ ಕಡಮೆ, ಊಟದೊಡನೆ ಮಿತವಾಗಿ ಸೇವಿಸತಕ್ಕದ್ದು, ರೈತನಿಗೆ ಆದಾಯ ಎಂದೆಲ್ಲ ಹೇಳಬಹುದಾಗಿತ್ತು, ಯಾವುದೂ ಸುಳ್ಳಲ್ಲ. ಆದರೆ ನನಗೆ ನೆನಪಾದುದು 2007. ಆ ವರ್ಷದ ಜುಲೈ 1ರಿಂದ ನಮ್ಮ ರಾಜ್ಯ ಸಾರಾಯಿಯನ್ನು ನಿಷೇಧಿಸಿತು. ಅದೇ ವರ್ಷ ದ್ರಾಕ್ಷಾರಸದ ಉತ್ತೇಜನಕ್ಕಾಗಿ ನೀತಿಯೊಂದನ್ನು ರೂಪಿಸಿತು. ಎರಡಕ್ಕೂ ಸಕಾರಣಗಳಿದ್ದುವು. ಎರಡೂ ಒಂದೇ ವರ್ಷ ಬಂದುವೆಂಬುದನ್ನು ಮಾತ್ರ ನಾನು ಅದುವರೆಗೆ ಜೋಡಿಸಿ ನೋಡಿರಲಿಲ್ಲ.

"ಬೆಲೆ ಜಾಸ್ತಿ" ಎಂದೆ. "ಕುಡಿಯುವವರೂ ಬೇರೆ."

"ಅಷ್ಟೇ ಅನ್ಕೊಂಡೆ" ಎಂದು ತಲೆಯಾಡಿಸಿದ. "ಸಾರಾಯಿ ಅಂಗಡಿ ಮುಚ್ಚಿದಾಗ ಅಪ್ಪ ಹೋಗಿ ಹನ್ನೊಂದು ವರ್ಷ ಆಗಿತ್ತು. ನಮ್ಮವ್ವ ಅವತ್ತು ದಿನವೆಲ್ಲ ಅತ್ತಳು. ಈಗ ಕಾಗದದ ಡಬ್ಬೀಲಿ ವಿಸ್ಕಿ ಬರ್ತದೆ, ಬಿಡಿ."

ಬೆಂಚಿನ ಮೇಲೆ ನಿಲ್ಲಿಸಿದ ಮಾತನ್ನು ನಾನೇ ಎತ್ತಿದೆ. ತಪ್ಪಾಯಿತೆಂದೆ. ಮೂವತ್ತೇಳು ವರ್ಷ ತಡವಾಗಿ ಹೇಳುವ ಮಾತು ಗಂಟಲಲ್ಲಿ ಸುಲಭವಾಗಿ ಹೊರಳುವುದಿಲ್ಲ. ಅವನು ಲೋಟ ಕೆಳಗಿಟ್ಟು ನಕ್ಕ. "ತಲೆಬರಹ ಬರ್ದಿದ್ನಲ್ಲ ಮೇಷ್ಟ್ರೇ. ಅದಕ್ಕಾದ್ರೂ ಒಂದು ಮಾರ್ಕು ಕೊಡ್ಬೌದಿತ್ತು."

ಆ ರಾತ್ರಿ ಸೀಸೆಯನ್ನು ಯಾರೂ ತೆರೆಯಲಿಲ್ಲ. ಮರುದಿನ ಅವನೂ ನಮ್ಮೊಡನೆ ಹೊರಟು ಚಾಲಕನ ಪಕ್ಕದಲ್ಲಿ ಕುಳಿತ. ತಿರುಮಕೂಡಲಿನಲ್ಲಿ ಕಾವೇರಿ ಕಪಿಲೆಗಳು ಕೂಡುವೆಡೆಯಲ್ಲಿ ಇಳಿದು ಕಾಲು ತೊಳೆದೆವು. ಗಾಡಿಗೆ ಒಂದು ರಾತ್ರಿ ಹಿಡಿದ ದಾರಿಯನ್ನು ವ್ಯಾನು ಒಂದು ಗಂಟೆಯೊಳಗೆ ಮುಗಿಸಿತು. ನಂಜನಗೂಡಿನಲ್ಲಿ ರಸಬಾಳೆಯನ್ನು ಹುಡುಕಿದೆವು. ಸೊರಗುರೋಗಕ್ಕೆ ತುತ್ತಾಗಿ ಆ ತಳಿ ಅದರ ಊರಿನಲ್ಲಿಯೇ ಅಪರೂಪವಾಗಿದೆ. ಕೊನೆಗೊಂದು ಸಣ್ಣ ಚಿಪ್ಪು ಸಿಕ್ಕಿತು.

ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಮೂವರೂ ಸಾಲಾಗಿ ನಿಂತೆವು. ಅರ್ಚಕರು ತೀರ್ಥ ನೀಡಿದರು. ಎರಡು ದಿನದ ಹಿಂದಿನ ಪಾಠ ಕೈಗೆ ಹತ್ತಿತ್ತೆಂದು ತೋರುತ್ತದೆ: ಅಂಗೈಯನ್ನು ಬಾಯಿಗೆ ಒಯ್ಯುವ ಮೊದಲು ಮೂಗಿನ ಬಳಿ ಹಿಡಿದು ಮೂಸಿದೆ. ಹಿಂದಿನಿಂದ ಅಳಿಯ ಕಿಸಕ್ಕನೆ ನಕ್ಕ. ಅರ್ಚಕರು ನನ್ನನ್ನೊಮ್ಮೆ ನೋಡಿ, ಗಾಡಿಯವನ ಮಗನ ಕೈಗೆ ತೀರ್ಥ ಹಾಕಿದರು.