ಎಂಜಿನ್ ಬಿಸಿಯಾದರೆ ಸೆಲ್ಫ್ ಏಕೆ ತಿರುಗದು?

ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆದ ಕಾರು, ಅರ್ಧ ಗಂಟೆ ಓಡಿ ಪೆಟ್ರೋಲ್ ಬಂಕಿನಲ್ಲಿ ನಿಂತ ಮೇಲೆ 'ಟಕ್' ಎಂದು ಸುಮ್ಮನಾಗುತ್ತದೆ. ತಣ್ಣಗಾಗಲು ಬಿಟ್ಟರೆ ಮತ್ತೆ ಸರಿ. ಇಂಥಲ್ಲಿ ಮೊದಲು ಬ್ಯಾಟರಿ ಬದಲಿಸುವವರೇ ಹೆಚ್ಚು. ಆದರೆ ಸುಸ್ತಾದ ಬ್ಯಾಟರಿ ಸಾಮಾನ್ಯವಾಗಿ ಕೈಕೊಡುವುದು ಚಳಿಯ ಬೆಳಿಗ್ಗೆ, ಬಿಸಿಲಿನ ಮಧ್ಯಾಹ್ನವಲ್ಲ.

ಎಷ್ಟೋ ಕಾರುಗಳಲ್ಲಿ ಸೆಲ್ಫ್ ಮೋಟಾರು ಎಕ್ಸಾಸ್ಟ್ ಪಕ್ಕದಲ್ಲೇ ಇರುತ್ತದೆ. ಗಾಡಿ ನಿಂತೊಡನೆ ಗಾಳಿಯಾಟ ನಿಂತು, ಅದು ಇನ್ನಷ್ಟು ಕಾಯುತ್ತದೆ. ತಾಮ್ರದ ವಿದ್ಯುತ್ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.4% ಏರುತ್ತದೆ, 70 ಡಿಗ್ರಿ ಹೆಚ್ಚಾದರೆ ಕಾಲು ಭಾಗಕ್ಕೂ ಮಿಗಿಲು. ಸೆಲ್ಫನ್ನು ಚಾಲೂ ಮಾಡುವ ಸೊಲೆನಾಯ್ಡ್ ಸುರುಳಿಗೆ ಕರೆಂಟು ಕಡಿಮೆಯಾಗಿ ಅದರ ಸೆಳೆತ ಕುಗ್ಗುತ್ತದೆ. ಹೊಸ ಸೆಲ್ಫ್ ಇದನ್ನು ತಾಳಿಕೊಳ್ಳುತ್ತದೆ. ಸವೆದ ಬ್ರಷ್, ಸುಟ್ಟ ಕಾಂಟ್ಯಾಕ್ಟ್, ತುಕ್ಕು ಹಿಡಿದ ಅರ್ಥ್ ವೈರ್ ಇದ್ದರೆ ತಾಳುವುದಿಲ್ಲ.

ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಅದು ಬೇರೆಯೇ ರೋಗ. ಕ್ರ್ಯಾಂಕ್ ಸೆನ್ಸರ್, ಪೆಟ್ರೋಲ್ ಪಂಪ್ ಕಡೆ ನೋಡಬೇಕು.

ಪರೀಕ್ಷೆಯನ್ನು ಎಂಜಿನ್ ಬಿಸಿ ಇರುವಾಗ, ಸೆಲ್ಫ್ ಹಟ ಹಿಡಿದಾಗಲೇ ಮಾಡಬೇಕು. ತಣ್ಣಗಾದ ಮೇಲೆ ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ಕಿಗೆ ಏನೂ ಸಿಗದು. ಗೇರ್ ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕೀ ತಿರುಗಿಸಲು ಇನ್ನೊಬ್ಬರನ್ನು ಕೂರಿಸಿ. ಎಕ್ಸಾಸ್ಟಿಗೆ ಕೈ ತಗುಲದಿರಲಿ. ಸೊಲೆನಾಯ್ಡಿಗೆ ಬರುವ ಸಣ್ಣ ವೈರಿನ ಟರ್ಮಿನಲ್ಲಿಗೆ ಮಲ್ಟಿಮೀಟರಿನ ಕೆಂಪು ಕಡ್ಡಿ, ಬ್ಯಾಟರಿಯ ಮೈನಸ್‌ಗೆ ಕಪ್ಪು ಕಡ್ಡಿ. ಕೀ ತಿರುಗಿಸಿದಾಗ 10 ವೋಲ್ಟಿಗಿಂತ ಹೆಚ್ಚು ಬಂದೂ ಸೆಲ್ಫ್ ತಿರುಗದಿದ್ದರೆ ಅನುಮಾನ ಸೆಲ್ಫ್ ಮೇಲೆಯೇ. 7-8 ವೋಲ್ಟು ಮಾತ್ರ ಬಂದರೆ, ಬ್ಯಾಟರಿಯ ಎರಡು ಕಂಬಗಳ ನಡುವಿನ ವೋಲ್ಟೇಜನ್ನೂ ಅದೇ ಹೊತ್ತಿನಲ್ಲಿ ನೋಡಿ. ಅಲ್ಲಿ ಚೆನ್ನಾಗಿದ್ದರೆ ತಪ್ಪು ಇಗ್ನಿಷನ್ ಸ್ವಿಚ್, ರಿಲೇ ಅಥವಾ ನಡುವಿನ ಕನೆಕ್ಟರಿನದು.

ಸೆಲ್ಫ್ ನಿಧಾನವಾಗಿ ತಿರುಗುತ್ತಿದ್ದರೆ ದಪ್ಪ ಕೇಬಲ್ ಅಳೆಯಿರಿ: ಬ್ಯಾಟರಿ ಪ್ಲಸ್‌ನಿಂದ ಸೆಲ್ಫ್ ಬೋಲ್ಟಿನವರೆಗೆ ಅರ್ಧ ವೋಲ್ಟಿಗಿಂತ ಹೆಚ್ಚು, ಮೈನಸ್‌ನಿಂದ ಸೆಲ್ಫ್ ಮೈವರೆಗೆ 0.3ಕ್ಕಿಂತ ಹೆಚ್ಚು ಸೋರಬಾರದು. ಮೋಟಾರು ಅಲುಗದೇ ಇದ್ದಾಗ ಈ ಅಳತೆ ಸೊನ್ನೆ ತೋರಿಸಬಹುದು. ಅದನ್ನು ನಂಬಬೇಡಿ, ಕರೆಂಟು ಹರಿದರೆ ತಾನೇ ಸೋರಿಕೆ!

ಸೆಲ್ಫಿಗೆ ಸ್ಪಾನರಿನಲ್ಲಿ ಕುಟ್ಟುವ ಹಳೇ ಉಪಾಯವುಂಟು. ಆದರೆ ಪರ್ಮನೆಂಟ್ ಮ್ಯಾಗ್ನೆಟ್ ಸೆಲ್ಫಿಗೆ ಜೋರಾಗಿ ಹೊಡೆದರೆ ಒಳಗಿನ ಅಯಸ್ಕಾಂತವೇ ಬಿರುಕು ಬಿಡಬಹುದು.

ತಪ್ಪು ಸೆಲ್ಫಿನದೇ ಎಂದಾದರೆ ಬಿಚ್ಚಿಸಿ ಬ್ರಷ್, ಬುಷ್, ಸೊಲೆನಾಯ್ಡ್ ನೋಡಿಸಿ. ಮರಳಿ ಜೋಡಿಸುವಾಗ ಎಕ್ಸಾಸ್ಟ್ ಕಡೆಯ ತಗಡಿನ ಹೀಟ್ ಶೀಲ್ಡ್ ಕೂರಿಸಿದರೇ ಎಂದು ಬಗ್ಗಿ ನೋಡಿಕೊಳ್ಳಿ.